ಕನ್ನಡ ನಾಡಿನ ಕಲ್ಲುಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಧಾರಾವಿಯಲ್ಲಿಯೋ ಮಾಟುಂಗದಲ್ಲಿಯೋ ನಮ್ಮವರ ಹೊಟೇಲೊಂದನ್ನು ಹಿಂಬಾಗಿಲಿನಿಂದ ಒಳಹೊಕ್ಕರೆ ಮೊದಲು ಕಾಲಿಗೆ ತಗಲುವುದು ಪಾತ್ರೆ ತೊಳೆಯುವ ಮೋರಿಯ ನೆಲ. ಹಲವು ಕಡೆ ಅಲ್ಲಿ ಹಾಸಿರುವುದು ಬೂದುಬಣ್ಣದ ಚಪ್ಪಟೆ ಕಲ್ಲು. ಅದನ್ನು ಶಹಾಬಾದಿ ಫರಸಿ ಎಂದು ಎಲ್ಲರೂ ಬಲ್ಲರು. ಹಳೆಯ ಚಾಳುಗಳ ಖೋಲಿಗಳಲ್ಲಿಯೂ, ಗುಮಾಸ್ತರು ದಿನವೂ ತುಳಿಯುವ ಹಳೆಯ ಕಚೇರಿಗಳ ಪಡಸಾಲೆಗಳಲ್ಲಿಯೂ ಅದೇ ಕಲ್ಲು. ಹೊಳೆಯುವ ಹೊಸ ಲಾದಿಗಳು ಬಂದು ಅದರ ಸ್ಥಾನವನ್ನು ಕಸಿಯುತ್ತಿದ್ದರೂ, ಎಷ್ಟು ನೀರು ಸುರಿದರೂ ಎಷ್ಟು ತಪ್ಪಲೆ ಎಳೆದರೂ ಸವೆಯದ ನೆಲ ಬೇಕೆಂದಾಗ ಯಜಮಾನರು ಇಂದಿಗೂ ನೆನೆಯುವುದು ಈ ಫರಸಿಯನ್ನೇ.

ಶಹಾಬಾದ ಎಂಬುದು ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯಲ್ಲಿ, ಕಲಬುರಗಿ ಜಿಲ್ಲೆಯಲ್ಲಿರುವ ಒಂದು ಊರು. ಆ ದಾರಿ ರಾಯಚೂರಿನವರೆಗೆ ತೆರೆದದ್ದು 1871ರಲ್ಲಿ. ಕಲ್ಲು ಬಂದ ದಾರಿಯಲ್ಲಿಯೇ ಆ ಸೀಮೆಯ ಜನರೂ ಈ ನಗರಕ್ಕೆ ಬಂದರು. ಅಲ್ಲಿಯ ಗಣಿಗಳಲ್ಲಿ ಈ ಕಲ್ಲನ್ನು ಕೊರೆದು ಹಲಗೆಯಾಗಿ ಮಾಡುವುದಿಲ್ಲ. ಅದು ಭೂಮಿಯಲ್ಲಿರುವುದೇ ಹಾಗೆ, ಒಂದರ ಮೇಲೊಂದು ಹಾಸಿದ ಪುಸ್ತಕದ ಹಾಳೆಗಳಂತೆ. ಕೆಲಸಗಾರರು ಪದರದ ಸಂದಿಯನ್ನು ನೋಡಿ ಉಳಿಯಿಟ್ಟು ಬಡಿದು, ಹಾರೆಯಿಂದ ಮೀಟಿ, ಹಾಳೆ ಹಾಳೆಯಾಗಿ ಎಬ್ಬಿಸುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ಕಲ್ಲನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಧಾರಾವಿಯ ಪಕ್ಕದಲ್ಲಿಯೇ, ರೈಲುಹಳಿಗಳ ಆಚೆ, ಹದಿನೇಳನೆಯ ಶತಮಾನದ ಕೋಟೆಯನ್ನು ಹೊತ್ತು ನಿಂತಿರುವ ಶೀವ ಗುಡ್ಡವಿದೆ. ಈ ದ್ವೀಪದ ಕರಿಗಲ್ಲು ಬೆಂಕಿಯಿಂದ ಹುಟ್ಟಿದ್ದು. 6 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಉಕ್ಕಿ ಹರಿದ ಲಾವಾ ತಣಿದು ಆದದ್ದು. ಶಹಾಬಾದಿನ ಫರಸಿಯಾದರೋ ನೀರಿನಿಂದ ಹುಟ್ಟಿದ್ದು. ಈ ನಗರದ ಬೆಂಕಿಗಲ್ಲು ಹುಟ್ಟುವ ಕಾಲಕ್ಕೇ ಆ ನೀರುಗಲ್ಲು ಹತ್ತಾರು ಕೋಟಿ ವರ್ಷಗಳ ಮುದುಕನಾಗಿತ್ತು. ಬೆಂಕಿಯ ನೆಲದ ಮೇಲೆ ಬಂದು ನೆಲೆಸಿದ ನಾವು ನೀರಿನ ಕಲ್ಲನ್ನು ಊರಿನಿಂದ ತರಿಸಿ ಹಾಸಿಕೊಂಡಿದ್ದೇವೆ.

ಈ ಸಂಗತಿಗಳು ಇಂದು ಶಾಲೆಯ ಹುಡುಗರಿಗೂ ತಿಳಿದಿರಬಹುದು. ಆದರೆ ಕನ್ನಡ ನಾಡಿನ ಕಲ್ಲುಗಳಲ್ಲಿ ಯಾವುದು ಹಿರಿಯದು, ಯಾವುದು ಕಿರಿಯದು, ಯಾವುದರ ಕೆಳಗೆ ಯಾವುದಿದೆ ಎಂದು ಊರೂರು ಅಲೆದು ನೋಡಿ, ನಕ್ಷೆಯಲ್ಲಿ ಬರೆದಿಟ್ಟವರು ಯಾರು? ಈ ಕಾರ್ಯದಲ್ಲಿ ಅಗ್ರಗಣ್ಯರಾದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂಗರ್ಭಶಾಸ್ತ್ರಜ್ಞರು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಅವರನ್ನು ಗೌರವಿಸುತ್ತಾರೆ. ಅವರ ಹೆಸರು ನಮ್ಮ ಮನೆಮಾತಾಗದಿದ್ದುದು ಸೋಜಿಗವೇ ಸರಿ.

ಪಲ್ಲಾವರದ ಒಂದು ಕಲ್ಲು

ಫೂಟರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 1858ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯ ಕೆಲಸಕ್ಕೆ ಸೇರಿದರು. ಕಂಪನಿ ಸರಕಾರ ಹೋಗಿ ರಾಣಿಯ ಆಳಿಕೆ ಬಂದ ವರ್ಷವದು. ಏಳು ವರ್ಷಗಳ ಹಿಂದಷ್ಟೇ ಹುಟ್ಟಿದ್ದ ಈ ಇಲಾಖೆಯನ್ನು ಥಾಮಸ್ ಓಲ್ಡ್‌ಹ್ಯಾಮ್ ಎಂಬವರು ನಡೆಸುತ್ತಿದ್ದರು. ಸರಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು, ಕಬ್ಬಿಣ, ಚಿನ್ನ. ಭೂಮಿಯ ಚರಿತ್ರೆ ತಿಳಿಯಬೇಕೆಂಬ ಹಂಬಲ ಸರಕಾರದ್ದಾಗಿರಲಿಲ್ಲ. ಅದು ಇಲಾಖೆಯ ಕೆಲವು ನೌಕರರದ್ದಾಗಿತ್ತು. ಫೂಟರು ಅಂಥವರಲ್ಲಿ ಒಬ್ಬರು.

ಅವರನ್ನು ಮದರಾಸು ಪ್ರಾಂತಕ್ಕೆ ಕಳುಹಿಸಿದರು. ಬೇಸಿಗೆ ಬಿರುಸಾಗುವವರೆಗೆ ಡೇರೆ, ಕುದುರೆ, ಎತ್ತಿನಗಾಡಿಗಳೊಡನೆ ಹಳ್ಳಿಹಳ್ಳಿ ತಿರುಗುವುದು. ಮಳೆಗಾಲದಲ್ಲಿ ಕಚೇರಿಯಲ್ಲಿ ಕುಳಿತು ನಕ್ಷೆ ತಿದ್ದಿ ವರದಿ ಬರೆಯುವುದು: ಇದು ಆ ಕಾಲದ ಸರ್ವೇಕ್ಷಕನ ಬಾಳು. ತಮಿಳು ಗಾದೆಗಳನ್ನು ಸಂಗ್ರಹಿಸಿ ಪ್ರಸಿದ್ಧರಾಗಿದ್ದ ಪೀಟರ್ ಪರ್ಸಿವಲ್ ಎಂಬ ಪಾದ್ರಿಗಳ ಮಗಳನ್ನು ಅವರು ಮದುವೆಯಾದರು. ಫೂಟರಿಗೆ ಚಿತ್ರ ಬರೆಯುವ ಕೈವಾಡವೂ ಇತ್ತು. ಕಂಡ ಬೆಟ್ಟದ ರೇಖೆಯನ್ನು, ಕಲ್ಲಿನ ಪದರಗಳ ಓಟವನ್ನು ಕಾಗದದ ಮೇಲೆ ಇಳಿಸುವ ಅಭ್ಯಾಸ ಅವರ ಉದ್ಯೋಗಕ್ಕೆ ಬಹಳ ನೆರವಾಯಿತು.

ಆಗ ಯೂರೋಪಿನ ಪಂಡಿತವಲಯದಲ್ಲಿ ದೊಡ್ಡದೊಂದು ವಾದ ನಡೆದಿತ್ತು. ಮನುಷ್ಯನು ಭೂಮಿಯ ಮೇಲೆ ಕಾಣಿಸಿಕೊಂಡು ಎಷ್ಟು ಕಾಲವಾಯಿತು? ಆರು ಸಾವಿರ ವರ್ಷಗಳೆಂದು ಶಾಸ್ತ್ರಗಳನ್ನು ಲೆಕ್ಕಹಾಕಿ ಹೇಳಿದವರ ಮಾತೇ ಬಹುಕಾಲ ನಡೆದಿತ್ತು. ಫ್ರಾನ್ಸಿನ ಸೋಮ್ ನದಿಯ ಗರಸಿನಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬುಗಳ ಜೊತೆಯಲ್ಲಿ, ಬುಷೆ ದ ಪೆರ್ಥ್ ಎಂಬವರು ಕಲ್ಲಿನ ಆಯುಧಗಳನ್ನು ಕಂಡಾಗ ಅನೇಕರು ನಕ್ಕರು. ಆದರೆ 1859ರಲ್ಲಿ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಅಲ್ಲಿಗೆ ಹೋಗಿ ಸ್ವತಃ ನೋಡಿ, ಪೆರ್ಥರ ಮಾತು ಸತ್ಯವೆಂದು ಸಾರಿದರು. ಡಾರ್ವಿನರ ಗ್ರಂಥ ಹೊರಬಂದದ್ದೂ ಅದೇ ವರ್ಷ. ಈ ವಾರ್ತೆಗಳನ್ನು ಓದುತ್ತಿದ್ದ ಫೂಟರಿಗೆ ಒಂದು ಯೋಚನೆ ಹುಟ್ಟಿತು. ಸೋಮ್ ನದಿಯ ದಡದಲ್ಲಿದ್ದ ಆದಿಮಾನವ ಭಾರತದಲ್ಲಿ ಏಕೆ ಇದ್ದಿರಬಾರದು?

1863ರ ಮೇ 30ರಂದು ಅದಕ್ಕೆ ಉತ್ತರ ದೊರೆಯಿತು. ಮದರಾಸಿನ ಹೊರವಲಯದ ಪಲ್ಲಾವರದಲ್ಲಿ, ಸಿಪಾಯಿಗಳ ಕವಾಯತು ಬಯಲಿನ ಬಳಿ ಗರಸು ತೆಗೆದ ಗುಂಡಿಯೊಂದಿತ್ತು. ದಕ್ಷಿಣ ಕನ್ನಡದ ನಮ್ಮವರು ಮುರಕಲ್ಲು ಎನ್ನುವ ಕೆಂಪು ಕಲ್ಲಿನ ಗರಸು ಅದು. ಅದರಲ್ಲಿ ಫೂಟರ ಕಣ್ಣಿಗೆ ಒಂದು ಕಲ್ಲು ಬಿತ್ತು. ಎರಡು ಮಗ್ಗುಲಿನಿಂದಲೂ ಚಕ್ಕೆಯೆಬ್ಬಿಸಿ, ಒಂದು ತುದಿಯನ್ನು ಚೂಪುಗೊಳಿಸಿ, ಅಂಗೈಯಲ್ಲಿ ಹಿಡಿಯಲು ತಕ್ಕಂತೆ ಮಾಡಿದ ಕೈಗೊಡಲಿ ಅದಾಗಿತ್ತು. ನೀರಿನ ಹೊಡೆತದಿಂದ ಕಲ್ಲು ಹಾಗೆ ಒಡೆಯುವುದಿಲ್ಲ. ಅದು ಕೈಯ ಕೆಲಸ. ಮನುಷ್ಯನ ಕೈಯ ಕೆಲಸ.

ಸಾವಿರಾರು ಜನ ಆ ಬಯಲಿನಲ್ಲಿ ನಡೆದುಹೋಗಿದ್ದರು. ಗುಂಡಿ ತೋಡಿದವರು ಗರಸನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತಿದ್ದರು. ಕಲ್ಲು ಎಲ್ಲರ ಕಣ್ಣಮುಂದೆಯೇ ಇತ್ತು. ಹುಡುಕುವ ಮನಸ್ಸು ಮೊದಲೇ ಸಿದ್ಧವಾಗಿದ್ದುದರಿಂದ ಅದು ಕಂಡದ್ದು ಫೂಟರಿಗೆ. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ಎಂಬ ಹಳ್ಳಿಯ ಹಳ್ಳದಲ್ಲಿ ಇಂಥ ಆಯುಧಗಳ ರಾಶಿಯನ್ನೇ ಕಂಡರು. 1868ರಲ್ಲಿ ಲಂಡನ್ನಿನ ಭೂಗರ್ಭ ಸಂಘದ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಶಿಲಾಯುಧಗಳನ್ನು ಕುರಿತ ಅವರ ಲೇಖನ ಪ್ರಕಟವಾಯಿತು. ಈ ದೇಶದಲ್ಲಿ ಮನುಷ್ಯನ ಚರಿತ್ರೆ ವೇದಗಳಿಂದಲೋ ಅಶೋಕನಿಂದಲೋ ಆರಂಭವಾಗುವುದೆಂಬ ಎಣಿಕೆ ಅಲ್ಲಿಗೆ ಸಡಿಲವಾಯಿತು.

ಕಲಾದಗಿಯ ಪದರಗಳು

ಕನ್ನಡಿಗರಾದ ನಮಗೆ ಫೂಟರ ಬಾಳಿನ ಮುಂದಿನ ಭಾಗ ಹೆಚ್ಚು ಆಪ್ತವಾದದ್ದು. ಬೆಳಗಾವಿ, ಧಾರವಾಡ, ಕಲಾದಗಿ ಮೊದಲಾದ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡ ಮಾತಾಡುವ ಆ ಸೀಮೆಯನ್ನು ಇಂಗ್ಲಿಷರು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಫೂಟರು ಆ ನೆಲವನ್ನೆಲ್ಲ ಅಳೆದು ತಿರುಗಿ, 1876ರಲ್ಲಿ ತಮ್ಮ ಬೃಹತ್ ವರದಿಯನ್ನು ಹೊರತಂದರು. ಹೆಸರು ಮರಾಠಾ ದೇಶದ್ದಾದರೂ ಅದರ ತುಂಬ ಇರುವುದು ಘಟಪ್ರಭಾ, ಮಲಪ್ರಭಾ, ಕೃಷ್ಣಾ, ಭೀಮಾ ನದಿಗಳ ನಾಡು; ಗೋಕಾಕ, ಬಾದಾಮಿ, ಬಾಗಲಕೋಟೆಗಳ ನಾಡು.

ಅಲ್ಲಿಯ ಪದರಗಲ್ಲುಗಳ ಸಮೂಹಕ್ಕೆ ಅವರು ಕಲಾದಗಿ ಶ್ರೇಣಿ ಎಂದು ಹೆಸರಿಟ್ಟರು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಸಾಧಾರಣ ಊರಾಗಿರುವ ಕಲಾದಗಿ ಆಗ ಜಿಲ್ಲೆಯ ಮುಖ್ಯಸ್ಥಾನ. 1885ರಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು. ಊರಿನ ವೈಭವ ಅಡಗಿತು. ಆದರೆ ಫೂಟರಿಟ್ಟ ಹೆಸರಿನಿಂದ ಜಗತ್ತಿನ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲಿ ಕಲಾದಗಿ ಎಂಬ ಕನ್ನಡದ ಊರು ಇಂದಿಗೂ ಉಳಿದಿದೆ.

ಪದರಗಲ್ಲು ಆಗುವ ರೀತಿಯನ್ನು ತಿಳಿಯಲು ನಮ್ಮ ಅಡಿಗೆಮನೆಯ ಅನುಭವವೇ ಸಾಕು. ಅಕ್ಕಿ ತೊಳೆದ ನೀರನ್ನು ಪಾತ್ರೆಯಲ್ಲಿ ಕದಡದೆ ಬಿಟ್ಟರೆ ಮೊದಲು ಕಲ್ಲು, ಆಮೇಲೆ ನುಚ್ಚು, ಕೊನೆಗೆ ಬಿಳಿಯ ಹಿಟ್ಟು ತಳಕ್ಕಿಳಿಯುತ್ತದೆ. ನದಿಗಳು ಕಡಲಿಗೆ ತರುವ ವಸ್ತುವಿನ ಪಾಡೂ ಅದೇ. ಭಾರವಾದ ಗುಂಡುಕಲ್ಲುಗಳು ದಡದ ಬಳಿ ನಿಲ್ಲುತ್ತವೆ. ಮರಳು ಮುಂದೆ ಹೋಗುತ್ತದೆ. ಕೆಸರು ಅದಕ್ಕಿಂತ ಮುಂದೆ. ಮಣ್ಣಿನ ಸುಳಿವಿಲ್ಲದ ತಿಳಿನೀರಿನಲ್ಲಿ ಸುಣ್ಣ ಇಳಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ನಡೆದು, ಮೇಲಿನ ಭಾರಕ್ಕೆ ಕೆಳಗಿನದು ಬಿಗಿದು ಕಲ್ಲಾಗುತ್ತದೆ. ಗುಂಡುಕಲ್ಲಿನ ಪದರ, ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲು ಎಂಬ ನಾಲ್ಕೂ ಬಗೆ ಕಲಾದಗಿ ಶ್ರೇಣಿಯಲ್ಲಿವೆ. ಗುಂಡುಕಲ್ಲು ಕಂಡಲ್ಲಿ ದಡ ಹತ್ತಿರವಿತ್ತೆಂದೂ, ಸುಣ್ಣಕಲ್ಲು ಕಂಡಲ್ಲಿ ದಡ ದೂರವಾಗಿತ್ತೆಂದೂ ಪದರಗಳನ್ನು ಓದಬಲ್ಲವನಿಗೆ ತಿಳಿಯುತ್ತದೆ. ಮಳೆ ಕಾಣದ ಬಾಗಲಕೋಟೆಯ ಬಯಲಿನಲ್ಲಿ ನಿಂತವನಿಗೆ ಆ ಕಲ್ಲುಗಳು ಕಡಲಿನ ಕಥೆ ಹೇಳುತ್ತವೆ. ಬಾದಾಮಿಯ ಸುತ್ತಿನ ಮರಳುಗಲ್ಲಿನ ಮೇಲೆ ನೀರಿನ ಅಲೆಗಳು ಬರೆದುಹೋದ ಸಾಲುಸಾಲು ಗೆರೆಗಳು ಈಗಲೂ ಕಣ್ಣಿಗೆ ಕಾಣುತ್ತವೆ. ನಮ್ಮ ಜುಹೂ ಕಡಲತೀರದಲ್ಲಿ ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಮೂಡುವ ಗೆರೆಗಳಿಗೂ ಅವುಗಳಿಗೂ ಹೆಚ್ಚಿನ ಭೇದವಿಲ್ಲ.

ಈ ಪದರಗಳ ಕೆಳ ಅಂಚಿನಲ್ಲಿ ಇರುವುದು ಅವುಗಳಿಗಿಂತ ಬಹು ಪ್ರಾಚೀನವಾದ ಕಗ್ಗಲ್ಲು. ವಾಯವ್ಯದಲ್ಲಿ ಅವುಗಳ ಮೇಲೆ ಹೊದ್ದುಕೊಂಡಿರುವುದು ಮುಂಬಯಿಯ ಬಂಧುವಾದ ಕರಿಯ ಲಾವಾಕಲ್ಲು. ಕೆಳಗಿನದು ಹಿರಿದು, ಮೇಲಿನದು ಕಿರಿದು ಎಂಬುದು ಪದರಗಳ ಲೆಕ್ಕದ ಮೊದಲ ಸೂತ್ರ. ಈ ಸೂತ್ರವೊಂದನ್ನು ಹಿಡಿದು ಫೂಟರು ಕನ್ನಡ ನಾಡಿನ ಕಲ್ಲುಗಳಿಗೆ ವಂಶಾವಳಿಯನ್ನು ಬರೆದರು. ಆಗ ಕಲ್ಲಿನ ವಯಸ್ಸನ್ನು ವರ್ಷಗಳಲ್ಲಿ ಹೇಳುವ ಉಪಾಯವಿರಲಿಲ್ಲ. ಕಲಾದಗಿಯ ಹಳೆಯ ಪದರಗಳು ನೂರು ಕೋಟಿ ವರ್ಷಗಳಿಗೂ ಹಿಂದಿನವೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಆಗ ಭೂಮಿಯ ಮೇಲೆ ಮೀನಿಲ್ಲ, ಹುಲ್ಲಿಲ್ಲ, ಹಕ್ಕಿಯಿಲ್ಲ. ಸುಣ್ಣಕಲ್ಲಿನ ಕೆಲವು ಪದರಗಳಲ್ಲಿ ಕಾಣುವ ಗುಮ್ಮಟದಂಥ ಸುತ್ತುಗೆರೆಗಳು ಮಾತ್ರ ಅಂದಿನ ಸೂಕ್ಷ್ಮಜೀವಿಗಳು ಬಿಟ್ಟುಹೋದ ಗುರುತು.

ಭೀಮಾ ತೀರದ ಸುಣ್ಣಕಲ್ಲಿನ ಪದರಗಳಿಗೆ ಭೀಮಾ ಶ್ರೇಣಿ ಎಂಬ ಹೆಸರನ್ನು ಕೊಟ್ಟವರು 1872ರಲ್ಲಿ ವಿಲಿಯಂ ಕಿಂಗ್. ಫೂಟರು ತಮ್ಮ 1876ರ ವರದಿಯಲ್ಲಿ ಅವುಗಳನ್ನೂ ವಿವರಿಸಿದರು. ನಮ್ಮ ಮೋರಿಯ ಶಹಾಬಾದಿ ಫರಸಿ ಈ ಶ್ರೇಣಿಗೇ ಸೇರಿದ್ದು.

ಇನ್ನೊಂದು ಮಾತು. ಪದರಗಳ ಗುಣವನ್ನು ಫೂಟರಿಗಿಂತ ಸಾವಿರದಿನ್ನೂರು ವರ್ಷ ಮೊದಲೇ ಕೈಯಿಂದ ತಿಳಿದವರು ನಮ್ಮಲ್ಲಿದ್ದರು. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆಯಿಸಿದ್ದು 578ರಲ್ಲಿ. ಐಹೊಳೆ, ಪಟ್ಟದಕಲ್ಲುಗಳ ಗುಡಿಗಳೆದ್ದದ್ದೂ ಇದೇ ಮರಳುಗಲ್ಲಿನಿಂದ. ಯಾವ ಪದರ ಉಳಿಗೆ ಮಣಿಯುತ್ತದೆ, ಯಾವುದು ಸೀಳುತ್ತದೆ ಎಂಬುದನ್ನು ಅರಿಯದೆ ಆ ಕೆಲಸ ಆಗುವಂತಿರಲಿಲ್ಲ. ಅವರ ಅರಿವು ಕೈಯಿಂದ ಕೈಗೆ ಬಂತು, ಕಾಗದಕ್ಕೆ ಬರಲಿಲ್ಲ. ಕಾಗದಕ್ಕೆ ತಂದ ಕೀರ್ತಿ ಫೂಟರದ್ದು.

ಗೋಕಾಕದ ಖಡ್ಗಮೃಗ, ಡಂಬಳದ ಚಿನ್ನ

ಘಟಪ್ರಭೆ ಸುಮಾರು 170 ಅಡಿ ಧುಮುಕುವ ಗೋಕಾಕದ ಬಂಡೆಯೂ ಕಲಾದಗಿಯ ಗಟ್ಟಿ ಮರಳುಗಲ್ಲೇ. ಆ ಊರಿನ ಬಳಿಯ ಹಳೆಯ ಹೂಳುಮಣ್ಣಿನಲ್ಲಿ ಫೂಟರಿಗೆ ಪ್ರಾಣಿಯೊಂದರ ಎಲುಬುಗಳು ದೊರೆತವು. ಪರೀಕ್ಷಿಸಿ ನೋಡಲಾಗಿ ಅವು ಖಡ್ಗಮೃಗದವು. ಅದೂ ಅಳಿದುಹೋದ ಒಂದು ಜಾತಿಯವು. 1874ರಲ್ಲಿ ಅವರು ದಖ್ಖಣದ ಹೆಸರನ್ನೇ ಅದಕ್ಕಿಟ್ಟು ವಿವರ ಪ್ರಕಟಿಸಿದರು. ಇಂದು ಅಸ್ಸಾಮಿನ ಕಾಡುಗಳಲ್ಲಿ ಖಡ್ಗಮೃಗವನ್ನು ನೋಡಲು ಹೋಗುವ ನಮಗೆ, ಬೆಳಗಾವಿ ಜಿಲ್ಲೆಯ ನದಿದಂಡೆಯಲ್ಲಿ ಅದರ ದಾಯಾದಿ ಮೇಯುತ್ತಿತ್ತೆಂದರೆ ನಂಬುವುದು ಕಷ್ಟ. ಮಲಪ್ರಭಾ, ಘಟಪ್ರಭಾ ಕಣಿವೆಗಳ ಗರಸಿನಲ್ಲಿ ಶಿಲಾಯುಧಗಳೂ ಅವರಿಗೆ ಸಿಕ್ಕವು. ಕಲಾದಗಿಯ ಕಡಲು ಮರಳನ್ನು ಕಲ್ಲಾಗಿಸಿತು. ಆ ಕಲ್ಲು ಒಡೆದು ನದಿಗಳ ಗುಂಡುಕಲ್ಲಾಯಿತು. ಆದಿಮಾನವ ಅಂಥ ಗಟ್ಟಿಕಲ್ಲನ್ನು ಎತ್ತಿ ಕೊಡಲಿಯಾಗಿಸಿಕೊಂಡ.

ಅದೇ 1874ರಲ್ಲಿ ಅವರು ಧಾರವಾಡ ಜಿಲ್ಲೆಯ ಡಂಬಳ ಗುಡ್ಡಗಳ ಚಿನ್ನದ ಬಗ್ಗೆ ವರದಿ ಬರೆದರು. ಕಪ್ಪತಗುಡ್ಡವೆಂದು ನಾವು ಕರೆಯುವ ಸಾಲು ಅದು. ಈಗ ಗದಗ ಜಿಲ್ಲೆಗೆ ಸೇರಿದೆ. ಅಲ್ಲಿಯ ಸೊರಟೂರಿನ ಕಡೆಯ ಹಳ್ಳಗಳಲ್ಲಿ ಮಳೆ ನಿಂತಮೇಲೆ ಜಾಲಗಾರರು ಮರಳನ್ನು ಮರದ ಮರಿಗೆಯಲ್ಲಿ ಜಾಲಿಸಿ ಚಿನ್ನದ ಕಣಗಳನ್ನು ತೆಗೆಯುತ್ತಿದ್ದರು. ಚಿನ್ನವೆಂಬ ಮಾತು ಕೇಳಿದೊಡನೆ ಹಣವಂತರ ಕಿವಿ ನಿಮಿರುವುದು ಸಹಜ. ಫೂಟರು ಅಂಥವರನ್ನು ಹುರಿದುಂಬಿಸಬಹುದಾಗಿತ್ತು. ಅದರಿಂದ ಅವರ ಹೆಸರೂ ಬೆಳೆಯುತ್ತಿತ್ತು. ಆದರೆ ಕಂಡಷ್ಟನ್ನೇ ಹೇಳಿದರು, ಕಾಣದ್ದನ್ನು ಸೇರಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಅಲ್ಲಿ ಗಣಿ ತೋಡಿ, ಕೆಲವೇ ವರ್ಷ ನಡೆಸಿ, ಬಾಗಿಲು ಮುಚ್ಚಿದವು. ಒಬ್ಬ ನೌಕರನ ಎಚ್ಚರದ ಮಾತಿಗೆ ಎಷ್ಟು ಬೆಲೆಯಿದೆಯೆಂಬುದು ಹಣ ಕಳೆದುಕೊಂಡಮೇಲೆ ತಿಳಿಯುತ್ತದೆ.

ಧಾರವಾಡದ ಹೆಸರು, ಬಳ್ಳಾರಿಯ ಬೂದಿ

ಕಲಾದಗಿಯ ಪದರಗಳಿಗಿಂತ ಹಿರಿಯವಾದ, ಮಡಿಸಿ ಹಿಂಡಿದಂತೆ ಓರೆಯಾಗಿ ನಿಂತ ಕಲ್ಲುಗಳ ಪಟ್ಟಿಗಳು ಧಾರವಾಡದಿಂದ ಕೋಲಾರದವರೆಗೆ ಅಲ್ಲಲ್ಲಿ ಕಾಣುತ್ತವೆ. ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವೆಂದು ಫೂಟರು ಗುರುತಿಸಿದರು. 1880ರ ದಶಕದಲ್ಲಿ ಅದಕ್ಕೆ ಧಾರವಾಡ ವ್ಯವಸ್ಥೆಯೆಂದು ಹೆಸರಿಟ್ಟು, ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಈ ಕಲ್ಲುಗಳಲ್ಲಿಯೇ ಇದೆಯೆಂದು ತೋರಿಸಿದರು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ನಡೆದಿದೆ. ಈ ಕಲ್ಲುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮೇಲೆಂದು ಈಗ ಲೆಕ್ಕ ಹಾಕಿದ್ದಾರೆ. ಜಗತ್ತಿನ ಯಾವ ಮೂಲೆಯ ಭೂಗರ್ಭಶಾಸ್ತ್ರಜ್ಞನಾದರೂ ಅತಿ ಪ್ರಾಚೀನ ಶಿಲೆಗಳ ಪ್ರಸ್ತಾಪ ಬಂದಾಗ ಧಾರವಾಡದ ಹೆಸರನ್ನು ಉಚ್ಚರಿಸುತ್ತಾನೆ.

1883ರಿಂದ 1885ರವರೆಗೆ ಅವರು ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು ಅಗೆಯಿಸಿದರು. ಸೈನ್ಯದಲ್ಲಿದ್ದ ಅವರ ಮಗ ಹೆನ್ರಿ ಈ ಕಾರ್ಯದಲ್ಲಿ ತಂದೆಗೆ ನೆರವಾದರು. ಅದೇ ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ಸರ್ವೇಕ್ಷಣವೂ ನಡೆದಿತ್ತು. ಸೊಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಸಮೃದ್ಧಿಯನ್ನು ಅವರು ಆಗಲೇ ಬರೆದಿಟ್ಟರು. ಆ ಅದಿರು ಮುಂದೆ ಎಷ್ಟು ಭಾಗ್ಯವನ್ನೂ ಎಷ್ಟು ಧೂಳನ್ನೂ ತಂದಿತೆಂಬುದು ಆ ಜಿಲ್ಲೆಯವರಿಗೆ ಗೊತ್ತು.

ಬಳ್ಳಾರಿಯ ಸುತ್ತಮುತ್ತ ಬೂದಿಯ ದೊಡ್ಡ ದೊಡ್ಡ ದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿಯೆಂದು ಜನರ ನಂಬುಗೆ. ಇವು ಜ್ವಾಲಾಮುಖಿಯ ಬೂದಿಯೋ, ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟವೋ ಎಂದು ವಿದ್ವಾಂಸರು ತರ್ಕಿಸುತ್ತಿದ್ದರು. ಫೂಟರು ಇವು ಪ್ರಾಚೀನ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದು ಸುಟ್ಟ ಸಗಣಿಯ ಬೂದಿಯೆಂದು ನಿರ್ಣಯಿಸಿದರು. ಕೇಳಿದವರಿಗೆ ಇದು ಸಪ್ಪೆಯಾಗಿ ತೋರಿರಬಹುದು. ಆದರೆ ಸತ್ಯ ಅದೇ ಆಗಿತ್ತು. ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು ಉತ್ನೂರಿನಲ್ಲಿ ಅಗೆದು ನೋಡಿ, 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಸ್ಥಿರಪಡಿಸಿದರು. ವೀರರ ಚಿತೆಯೆಂದು ಭಾವಿಸಿದ್ದ ಸ್ಥಳಗಳಲ್ಲಿ ದನ ಸಾಕಿ ಬದುಕಿದ ಸಾಮಾನ್ಯ ಜನರ ಚರಿತ್ರೆ ದೊರೆಯಿತು.

ಕೊನೆಯ ದಿನಗಳು

ಮೂವತ್ತಮೂರು ವರ್ಷಗಳ ಸೇವೆಯ ತರುವಾಯ, 1891ರಲ್ಲಿ, ಫೂಟರು ನಿವೃತ್ತರಾದರು. ಇತರರಂತೆ ಹಡಗು ಹತ್ತಿ ಸ್ವದೇಶಕ್ಕೆ ಹೋಗಿ ವಿಶ್ರಮಿಸಲಿಲ್ಲ. ಬಡೋದೆ ಸಂಸ್ಥಾನಕ್ಕಾಗಿ ಅಲ್ಲಿಯ ನೆಲವನ್ನು ಪರಿಶೀಲಿಸಿದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಆದ ಭೂಗರ್ಭ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾಗಿ ಅರವತ್ತರ ವಯಸ್ಸಿನ ಫೂಟರೇ ಬಂದರು. ಹೀಗೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಮದರಾಸು ಪ್ರಾಂತದ ಬಳ್ಳಾರಿ, ಮೈಸೂರು ಸಂಸ್ಥಾನ ಎಂಬ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನೆಲದಲ್ಲಿ ಅವರು ದುಡಿದರು. ಆ ಭಾಗಗಳು 1956ರಲ್ಲಿ ಒಂದು ರಾಜ್ಯವಾದವು. ಕೆಳಗಿನ ಕಲ್ಲಿಗೆ ಪ್ರಾಂತದ ಗಡಿ ಗೊತ್ತಿರಲಿಲ್ಲವಾದ್ದರಿಂದ, ಅವರ ನಕ್ಷೆಗಳಲ್ಲಿ ಆ ನೆಲ ಮೊದಲೇ ಒಂದಾಗಿತ್ತು.

ಕೊನೆಗೆ ಅವರು ಸೇಲಂ ಬಳಿಯ ಏರ್ಕಾಡು ಬೆಟ್ಟದಲ್ಲಿ ನೆಲೆಸಿದರು. ನಾಲ್ಕು ದಶಕಗಳಲ್ಲಿ ನಾನೂರಕ್ಕೂ ಹೆಚ್ಚು ಸ್ಥಳಗಳಿಂದ ಕೂಡಿಸಿದ ಶಿಲಾಯುಧಗಳು, ಮಡಕೆಯ ಚೂರುಗಳು, ಮಣಿಗಳು ಅವರ ಬಳಿ ಇದ್ದವು. ಆ ಸಂಗ್ರಹವನ್ನು 1904ರಲ್ಲಿ ಮದರಾಸು ಸರಕಾರ ತನ್ನ ವಸ್ತುಸಂಗ್ರಹಾಲಯಕ್ಕಾಗಿ ಕೊಂಡಿತು. ವಸ್ತುಗಳು ಹಡಗೇರದೆ ಈ ದೇಶದಲ್ಲಿಯೇ ಉಳಿದವೆಂಬುದು ಸಣ್ಣ ಮಾತಲ್ಲ. ಪ್ರತಿಯೊಂದು ವಸ್ತು ಎಲ್ಲಿ ದೊರೆಯಿತು, ಯಾವ ಕಲ್ಲಿನದು ಎಂದು ವಿವರಿಸುವ ಪಟ್ಟಿಯನ್ನು ಬರೆಯುವುದರಲ್ಲಿ ಅವರ ಮುಪ್ಪಿನ ದಿನಗಳು ಕಳೆದವು. ಅಚ್ಚಾದ ಗ್ರಂಥವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಏರ್ಕಾಡಿನ ಇಗರ್ಜಿಯಲ್ಲಿ ಇಡಲಾಯಿತು. ಗ್ರಂಥದ ಎರಡು ಸಂಪುಟಗಳು 1914ರಲ್ಲಿಯೂ 1916ರಲ್ಲಿಯೂ ಹೊರಬಂದವು.

ಪದರದ ಮೇಲೆ ಪದರ

ಫೂಟರು ಹೇಳಿದ್ದೆಲ್ಲ ನಿಂತಿತೆಂದು ತಿಳಿಯಬಾರದು. ಬಾಗಲಕೋಟೆಯ ಸುತ್ತಿನ ಮಡಿಕೆಬಿದ್ದ ಪದರಗಳನ್ನೂ ಬಾದಾಮಿಯ ಮಟ್ಟಸವಾದ ಮರಳುಗಲ್ಲನ್ನೂ ಅವರು ಒಂದೇ ಕಲಾದಗಿ ಶ್ರೇಣಿಯಲ್ಲಿ ಸೇರಿಸಿದ್ದರು. ನೂರು ವರ್ಷಗಳ ಸಮೀಪಕ್ಕೆ ಯಾರೂ ಇದನ್ನು ಗಟ್ಟಿಯಾಗಿ ಪ್ರಶ್ನಿಸಲಿಲ್ಲ. 1960ರ ದಶಕದಲ್ಲಿ ಎಂ. ಎನ್. ವಿಶ್ವನಾಥಯ್ಯ ಎಂಬ ನಮ್ಮವರೇ ಆದ ವಿದ್ವಾಂಸರು, ಬಾದಾಮಿಯ ಪದರಗಳು ಬೇರೆಯೇ ಒಂದು ಕಾಲದವೆಂದು ತೋರಿಸಿದರು. ಕೆಳಗಿನ ಪದರಗಳು ಕಡಲಿನಲ್ಲಿ ಹುಟ್ಟಿ, ಭೂಮಿಯ ಒತ್ತಡಕ್ಕೆ ಮಡಿಸಿಕೊಂಡು, ಮೇಲೆದ್ದು, ಮಳೆಗಾಳಿಗೆ ಸವೆದುಹೋದಮೇಲೆ, ಅವುಗಳ ಬೆನ್ನಿನ ಮೇಲೆ ಹೊಸದಾಗಿ ನೀರು ಬಂದು ಬಾದಾಮಿಯ ಮರಳನ್ನು ಹಾಸಿತು. ಓರೆಯಾಗಿ ನಿಂತ ಪದರ ಕೆಳಗೆ, ಮಲಗಿದ ಪದರ ಮೇಲೆ. ಇವೆರಡರ ನಡುವಣ ಒಂದು ಗೆರೆಯಲ್ಲಿ ಕೋಟ್ಯಂತರ ವರ್ಷಗಳು ಅಡಗಿವೆ. ಇಂದಿನ ಗ್ರಂಥಗಳು ಬಾಗಲಕೋಟೆ ಗುಂಪು, ಬಾದಾಮಿ ಗುಂಪು ಎಂದು ಅವನ್ನು ಬೇರ್ಪಡಿಸುತ್ತವೆ. ಎರಡನ್ನೂ ಕೂಡಿಸಿ ಕರೆಯುವ ಹೆಸರು ಮಾತ್ರ ಫೂಟರು ಇಟ್ಟ ಕಲಾದಗಿಯೇ.

ಬೇರೆ ಕೆಲವು ಕಡೆ ಅವರ ಊಹೆಗಿಂತ ಸತ್ಯವೇ ದೊಡ್ಡದಾಯಿತು. ಅತ್ತಿರಂಪಾಕ್ಕಂನಲ್ಲಿ ಮತ್ತೆ ಅಗೆದ ವಿಜ್ಞಾನಿಗಳು ಅಲ್ಲಿಯ ಅತಿ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವೆಂದು 2011ರಲ್ಲಿ ಪ್ರಕಟಿಸಿದರು. ಫೂಟರು ಬದುಕಿದ್ದ ಕಾಲದಲ್ಲಿ ಅಂಥ ಸಂಖ್ಯೆಯನ್ನು ಉಚ್ಚರಿಸಲು ಯಾರಿಗೂ ಧೈರ್ಯವಿರುತ್ತಿರಲಿಲ್ಲ.

ಅವರ ಡೇರೆ ಹೊತ್ತವರು, ಗಾಡಿ ಹೊಡೆದವರು, ಹಳ್ಳದ ದಾರಿ ತೋರಿಸಿದ ಹಳ್ಳಿಗರು, ಮರಿಗೆ ಹಿಡಿದು ಮರಳು ಜಾಲಿಸಿದ ಜಾಲಗಾರರು ಯಾರೆಂಬುದು ನಮಗೆ ತಿಳಿಯದು. ಅವರ ಬೆವರೂ ಆ ನಕ್ಷೆಗಳಲ್ಲಿ ಸೇರಿದೆ. ದೊಡ್ಡ ಕೆಲಸಗಳೆಲ್ಲ ಹೀಗೆಯೇ; ಮೇಲಿನ ಪದರ ಮಾತ್ರ ಕಣ್ಣಿಗೆ ಕಾಣುತ್ತದೆ, ಕೆಳಗಿನವು ಭಾರ ಹೊತ್ತು ಮೌನವಾಗಿರುತ್ತವೆ. ಈ ಮುಂಬಯಿ ನಗರವನ್ನು ಕಟ್ಟಿದವರಲ್ಲಿ ನಮ್ಮ ಹೊಟೇಲು ಕೆಲಸಗಾರರ, ಗುಮಾಸ್ತರ ಪಾತ್ರವೂ ಅಂಥದ್ದೇ.

ಮುಂದಿನ ಸಲ ಊರಿಗೆ ಹೋದಾಗ ವಾಚಕರು ಒಂದು ಗಳಿಗೆ ಬಿಡುವು ಮಾಡಿಕೊಂಡು ಬಾದಾಮಿಯ ಬಂಡೆಯನ್ನಾಗಲಿ, ಗೋಕಾಕದ ತಡಸಲಿನ ಪಕ್ಕೆಯನ್ನಾಗಲಿ ಹತ್ತಿರದಿಂದ ನೋಡಬೇಕು, ಮಕ್ಕಳಿಗೂ ತೋರಿಸಬೇಕು. ಅದಕ್ಕೆ ರಜೆ ದೊರೆಯದಿದ್ದರೆ ಚಿಂತೆಯಿಲ್ಲ. ರಾತ್ರಿ ಹೊಟೇಲಿನ ಬಾಗಿಲೆಳೆದು ಮೋರಿ ತೊಳೆಯುವಾಗ, ಸವೆದ ಫರಸಿಯ ಅಂಚನ್ನು ಬಗ್ಗಿ ನೋಡಿದರೆ ಸಾಕು. ಕಾಗದದಷ್ಟು ತೆಳ್ಳಗಿನ ಗೆರೆಗಳು ಒಂದರ ಮೇಲೊಂದು ಕಾಣಿಸುತ್ತವೆ. ಪ್ರತಿಯೊಂದು ಗೆರೆಯೂ ಭೀಮಾ ತೀರದಲ್ಲಿ ಹಿಂದೊಮ್ಮೆ ಇದ್ದ ಕಡಲು ತಳಕ್ಕಿಳಿಸಿದ ಒಂದು ಪದರ.